ಖಂಡನೆಗಿಂತ ವಾಯಿದೆ ಮುಖ್ಯ: ಒಂದು ದೇಶದ ಮಾನವ ಹಕ್ಕುಗಳ ಪ್ರಶ್ನೆಯನ್ನು ಜಿನೀವಾದಲ್ಲಿ ಎತ್ತುವ ಬಗೆ

ಒಂದು ದೇಶದೊಳಗಿನ ಮಾನವ ಹಕ್ಕುಗಳ ಉಲ್ಲಂಘನೆಯನ್ನು ಅಂತರರಾಷ್ಟ್ರೀಯ ವೇದಿಕೆಗೆ ತರಲು ಹೊರಟ ಸರ್ಕಾರವಾಗಲಿ, ಅದರ ಬೆನ್ನಿಗೆ ನಿಂತ ಸಂಘಟನೆಯಾಗಲಿ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು, ಕೊನೆಗೆ ಕೈಗೆ ಏನು ಸಿಗಬೇಕು ಎಂಬುದನ್ನು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ತೀರ್ಮಾನಕ್ಕೆ ಕಟ್ಟುಪಾಡಿನ ಬಲವಿದೆ, ಆದರೆ ಐದು ಕಾಯಂ ಸದಸ್ಯರಲ್ಲಿ ಒಬ್ಬರು ವಿಟೊ ಎತ್ತಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಲು ಒಪ್ಪಂದವೊಂದರ ಅಥವಾ ಎರಡೂ ಕಡೆಯವರ ಸಮ್ಮತಿಯ ಆಧಾರ ಬೇಕು. ರೋಹಿಂಗ್ಯಾಗಳ ವಿಷಯದಲ್ಲಿ ಗ್ಯಾಂಬಿಯಾ 2019ರ ನವೆಂಬರ್‌ನಲ್ಲಿ ಮ್ಯಾನ್ಮಾರ್ ವಿರುದ್ಧ ದಾವೆ ಹೂಡಲು ಸಾಧ್ಯವಾದದ್ದು ಎರಡೂ ದೇಶಗಳು ನರಮೇಧ ತಡೆ ಒಪ್ಪಂದಕ್ಕೆ ಸೇರಿದ್ದರಿಂದ. ಇನ್ನುಳಿದದ್ದು ಜಿನೀವಾದ ಮಾನವ ಹಕ್ಕುಗಳ ಮಂಡಳಿ. ಅಲ್ಲಿ 47 ಸದಸ್ಯ ರಾಷ್ಟ್ರಗಳಿವೆ, ವಿಟೊ ಇಲ್ಲ, ಸರಳ ಬಹುಮತ ಸಾಕು. ಆದರೆ ಅದರ ನಿರ್ಣಯವನ್ನು ಪಾಲಿಸಲೇಬೇಕೆಂದು ಯಾರನ್ನೂ ಬಲವಂತ ಮಾಡಲಾಗದು. ಬಹುತೇಕ ಪ್ರಕರಣಗಳು ಬಂದು ನಿಲ್ಲುವುದು ಇಲ್ಲಿಯೇ ಆದ್ದರಿಂದ, ನಮ್ಮ ನೆರೆಯ ಶ್ರೀಲಂಕಾದ ಪ್ರಕರಣವನ್ನು ಎದುರಿಗಿಟ್ಟುಕೊಂಡು ಈ ದಾರಿಯನ್ನೇ ವಿವರಿಸುತ್ತೇನೆ.

ಆತುರ ಏನು ಮಾಡುತ್ತದೆ ಎಂಬುದನ್ನು ಆ ಪ್ರಕರಣದ ಮೊದಲ ಅಧ್ಯಾಯವೇ ಹೇಳುತ್ತದೆ. 2009ರ ಮೇ ತಿಂಗಳಲ್ಲಿ ಶ್ರೀಲಂಕಾ ಸರ್ಕಾರ ಮತ್ತು ತಮಿಳು ಬಂಡುಕೋರರ ನಡುವಣ ಅಂತರ್ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ಐರೋಪ್ಯ ದೇಶಗಳ ಒತ್ತಾಸೆಯಿಂದ ಮಂಡಳಿಯ ವಿಶೇಷ ಅಧಿವೇಶನ ಸೇರಿತು. ವಿಶೇಷ ಅಧಿವೇಶನ ಕರೆಯಲು ಸದಸ್ಯರಲ್ಲಿ ಮೂರನೇ ಒಂದು ಭಾಗದ, ಅಂದರೆ 16 ದೇಶಗಳ ಬೆಂಬಲ ಸಾಕು. ನಿರ್ಣಯ ಗೆಲ್ಲಿಸಲು ಅಷ್ಟು ಸಾಲದು. ಶ್ರೀಲಂಕಾ ತನ್ನದೇ ಕರಡನ್ನು ಮುಂದಿಟ್ಟು, ಭಾರತದ ಮತವೂ ಸೇರಿದಂತೆ 29 ಮತಗಳಿಂದ ಅದನ್ನು ಅಂಗೀಕಾರ ಮಾಡಿಸಿಕೊಂಡಿತು. ವಿರೋಧವಾಗಿ ಬಿದ್ದದ್ದು 12. ಆಪಾದನೆ ಹೊತ್ತ ಸರ್ಕಾರಕ್ಕೆ ಪ್ರಶಂಸಾಪತ್ರ ಸಿಕ್ಕಂತಾಯಿತು. ಮತ ಎಣಿಸದೆ ಅಧಿವೇಶನ ಕರೆಯಬಾರದು.

2012ರಲ್ಲಿ ಅಮೆರಿಕದ ನೇತೃತ್ವದಲ್ಲಿ ಬಂದ ಕರಡು ಬೇರೆ ಜಾಡು ಹಿಡಿಯಿತು. ಯುದ್ಧಕಾಲದ ಘಟನೆಗಳ ಬಗ್ಗೆ ಶ್ರೀಲಂಕಾ ಸರ್ಕಾರವೇ 2010ರಲ್ಲಿ ನೇಮಿಸಿದ್ದ ಸಾಮರಸ್ಯ ಆಯೋಗದ ವರದಿ ಅಷ್ಟರಲ್ಲಿ ಪ್ರಕಟವಾಗಿತ್ತು. ಆ ವರದಿಯಲ್ಲಿ ಕೊರತೆಗಳಿದ್ದವು ನಿಜ, ಆದರೂ ಅದರ ಶಿಫಾರಸುಗಳನ್ನು ಜಾರಿಗೆ ತನ್ನಿ ಎಂದು ಕೇಳಿದಾಗ, ಇದು ಹೊರಗಿನವರ ಹೇರಿಕೆ ಎಂಬ ಆಕ್ಷೇಪಕ್ಕೆ ಅರ್ಧ ಬಲ ಹೋಯಿತು. ನೀವು ಕರಡು ಬರೆಯುವಾಗಲೂ ಮೊದಲು ಹುಡುಕಬೇಕಾದದ್ದು ಆ ದೇಶದ ಸ್ವಂತ ಮಾತನ್ನು: ಅದರ ಸಂವಿಧಾನ, ಅದು ಸಹಿ ಹಾಕಿದ ಒಪ್ಪಂದಗಳು, ಅದರ ನ್ಯಾಯಾಲಯಗಳ ತೀರ್ಪುಗಳು, ಅದರ ಮಂತ್ರಿಗಳು ಸಾರ್ವಜನಿಕವಾಗಿ ಕೊಟ್ಟ ಭರವಸೆಗಳು.

ಕಾರ್ಯಸೂಚಿಯ ಯಾವ ಅಂಶದಡಿ ಕರಡು ಮಂಡಿಸುತ್ತೀರಿ ಎಂಬುದೂ ಸಣ್ಣ ಸಂಗತಿಯಲ್ಲ. ನಾಲ್ಕನೆಯ ಅಂಶ ಮಂಡಳಿಯ ಗಮನ ಬೇಡುವ ಪರಿಸ್ಥಿತಿಗಳಿಗೆ ಮೀಸಲು. ಅದರಡಿ ಹೆಸರು ಬಂದರೆ ಕಟಕಟೆ ಹತ್ತಿಸಿದರು ಎಂದು ದೇಶಗಳು ಭಾವಿಸುತ್ತವೆ. ಶ್ರೀಲಂಕಾ ನಿರ್ಣಯಗಳು ಬಂದದ್ದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ವರದಿಗೆ ಸಂಬಂಧಿಸಿದ ಎರಡನೆಯ ಅಂಶದಡಿ.

ಇನ್ನು ಕರಡಿನ ಭಾಷೆ. ನಿರ್ಣಯದ ಜೀವ ಇರುವುದು ಕ್ರಿಯಾಪದಗಳಲ್ಲಿ. ‘ಗಮನಿಸುತ್ತದೆ’, ‘ಕಳವಳ ವ್ಯಕ್ತಪಡಿಸುತ್ತದೆ’, ‘ಖಂಡಿಸುತ್ತದೆ’ ಎಂಬ ಒಂದೊಂದು ಮೆಟ್ಟಿಲು ಏರಿದಂತೆಲ್ಲ ಕೆಲವು ಮತಗಳು ಕೈಬಿಡುತ್ತವೆ. 2012ರ ಕರಡಿನಲ್ಲಿ ಹೈಕಮಿಷನರ್ ಕಚೇರಿ ಕೊಡುವ ಸಲಹೆ ಮತ್ತು ತಾಂತ್ರಿಕ ನೆರವು ಶ್ರೀಲಂಕಾ ಸರ್ಕಾರದೊಡನೆ ‘ಸಮಾಲೋಚಿಸಿ, ಅದರ ಸಮ್ಮತಿಯೊಂದಿಗೆ’ ಇರಬೇಕೆಂಬ ಮಾತು ಸೇರಿದ್ದು ಭಾರತದ ಒತ್ತಾಯದಿಂದ. ಸಮ್ಮತಿ ಎಂಬ ಆ ಒಂದು ಪದ ನಿರ್ಣಯವನ್ನು ಸಪ್ಪೆ ಮಾಡಿತು ಎಂದು ಅನೇಕರಿಗೆ ಅನ್ನಿಸಿತ್ತು. ಆದರೆ ಅದೇ ಪದ ಭಾರತದ ಮತವನ್ನು ತಂದಿತು. 24 ಪರ, 15 ವಿರೋಧ, 8 ತಟಸ್ಥ ಎಂಬ ಲೆಕ್ಕದಲ್ಲಿ ನಿರ್ಣಯ ಗೆದ್ದಿತು. ಗೆದ್ದ ಪಠ್ಯದಲ್ಲಿ ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಇನ್ನೊಂದು ಮಾತಿತ್ತು: ಈ ಬಗ್ಗೆ ಮಂಡಳಿಯ 22ನೇ ಅಧಿವೇಶನಕ್ಕೆ ವರದಿ ಒಪ್ಪಿಸಬೇಕು. ನಮ್ಮ ಕಚೇರಿ ಮಾತಿನಲ್ಲಿ ಹೇಳುವುದಾದರೆ, ವಾಯಿದೆ ಬಿತ್ತು. ಮರುವರ್ಷ ವಿಷಯ ತಾನಾಗಿ ಮತ್ತೆ ಮೇಜಿನ ಮೇಲಿತ್ತು. 2014ರ ನಿರ್ಣಯ ಹೈಕಮಿಷನರ್ ಕಚೇರಿಯಿಂದ ಸಮಗ್ರ ತನಿಖೆಯನ್ನೇ ಕೇಳಿತು. 2021ರದು ಸಾಕ್ಷ್ಯ ಸಂಗ್ರಹಿಸಿ ಕಾಪಿಡುವ ವ್ಯವಸ್ಥೆಯನ್ನು ಮಾಡಿತು. ಆದ್ದರಿಂದ ಸಂಧಾನದಲ್ಲಿ ವಿಶೇಷಣಗಳನ್ನು ಬಿಟ್ಟುಕೊಡಿ, ಬೇಕಾದರೆ ಖಂಡನೆಯನ್ನೂ ಬಿಟ್ಟುಕೊಡಿ, ವರದಿಯ ದಿನಾಂಕವನ್ನು ಮಾತ್ರ ಬಿಡಬೇಡಿ.

ಇದು ಇತ್ತೀಚಿನ ಜಾಣ್ಮೆಯೇನೂ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿದ್ದ ಭಾರತೀಯರ ಮೇಲಿನ ತಾರತಮ್ಯವನ್ನು ಭಾರತ 1946ರಲ್ಲಿ, ಇನ್ನೂ ಸ್ವತಂತ್ರವಾಗುವ ಮೊದಲೇ, ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಒಯ್ದಿತ್ತು. ಇದು ತಮ್ಮ ಆಂತರಿಕ ವಿಷಯ, ಅಂಥದ್ದಕ್ಕೆ ವಿಶ್ವಸಂಸ್ಥೆ ಕೈಹಾಕಬಾರದೆನ್ನುವ ಅದರ ಸನ್ನದಿನ ಎರಡನೆಯ ವಿಧಿಯ ಏಳನೆಯ ಉಪವಿಧಿ ಅಡ್ಡ ಬರುತ್ತದೆ, ಬೇಕಿದ್ದರೆ ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳಿ ಎಂದು ದಕ್ಷಿಣ ಆಫ್ರಿಕಾದ ಪ್ರಧಾನಿ ಸ್ಮಟ್ಸ್ ವಾದಿಸಿದರು. ವಿಜಯಲಕ್ಷ್ಮಿ ಪಂಡಿತ್ ನೇತೃತ್ವದ ನಿಯೋಗ, ಇದು ಎರಡು ಸರ್ಕಾರಗಳ ನಡುವಣ ಒಪ್ಪಂದದ ಮತ್ತು ಸನ್ನದಿನ ಪ್ರಶ್ನೆ ಎಂದು ಉತ್ತರಿಸಿತು. ಕೊನೆಗೆ ಅಂಗೀಕಾರವಾದದ್ದು ಫ್ರಾನ್ಸ್ ಮತ್ತು ಮೆಕ್ಸಿಕೊ ತಂದ ಮೆದು ಪಠ್ಯ. 32 ಪರ, 15 ವಿರೋಧ. ಮೂರನೇ ಎರಡರಷ್ಟು ಬಹುಮತ ಬೇಕಾಗಿದ್ದುದರಿಂದ ಒಂದು ಮತ ಆಚೆ ಸರಿದಿದ್ದರೂ ಬಿದ್ದುಹೋಗುತ್ತಿತ್ತು. ಆ ಮೆದು ಪಠ್ಯದ ಬಾಲದಲ್ಲೂ, ಎರಡು ಸರ್ಕಾರಗಳು ಮುಂದಿನ ಅಧಿವೇಶನಕ್ಕೆ ವರದಿ ಕೊಡಬೇಕೆಂಬ ಮಾತಿತ್ತು.

ಮಂಡಳಿಯಲ್ಲಿ ಗೆಲ್ಲಲು 24 ಮತ ಬೇಕೆಂದು ಹೊಸಬರು ತಿಳಿಯುತ್ತಾರೆ. ಹಾಗಿಲ್ಲ, ತಟಸ್ಥ ಮತ ಲೆಕ್ಕಕ್ಕೆ ಬರುವುದಿಲ್ಲ. 2022ರ ಶ್ರೀಲಂಕಾ ನಿರ್ಣಯ ಗೆದ್ದದ್ದು 20 ಮತಗಳಿಂದ, ವಿರೋಧ ಕೇವಲ 7, ತಟಸ್ಥ 20. ಅದೇ ತಿಂಗಳು ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದ ಕುರಿತು ಬರೀ ಚರ್ಚೆ ನಡೆಸೋಣ ಎಂಬ ಪ್ರಸ್ತಾವ 17 ಪರ, 19 ವಿರೋಧವಾಗಿ ಬಿದ್ದುಹೋಯಿತು. ಆದ್ದರಿಂದ ಓಡಾಟದ ದೊಡ್ಡ ಪಾಲು ವಿರೋಧಿಗಳನ್ನು ಒಲಿಸಿಕೊಳ್ಳುವುದಕ್ಕಲ್ಲ, ಅವರನ್ನು ತಟಸ್ಥರನ್ನಾಗಿಸುವುದಕ್ಕೆ ಮೀಸಲಾಗಲಿ. 13 ಆಫ್ರಿಕನ್ ಮತ್ತು 13 ಏಷ್ಯಾ–ಪೆಸಿಫಿಕ್ ಸ್ಥಾನಗಳಿರುವ ಸಭೆಯಲ್ಲಿ ಪಶ್ಚಿಮದವರೇ ಮುಂದೆ ನಿಂತರೆ ವಸಾಹತುಶಾಹಿಯ ನೆನಪು ಮೊದಲು ಏಳುತ್ತದೆ. 2021ರಲ್ಲಿ ಬ್ರಿಟನ್ ಜೊತೆ ಮಲಾವಿ, ಉತ್ತರ ಮ್ಯಾಸಿಡೋನಿಯಾ, ಮಾಂಟೆನೆಗ್ರೊ ಪ್ರಾಯೋಜಕರಾದದ್ದು ಈ ದೃಷ್ಟಿಯಿಂದ ಉಪಯುಕ್ತವಾಯಿತು. ಮತ ಎಂಬುದು ಮದುವೆಮನೆಯ ಮುಯ್ಯಿಯ ಹಾಗೆ, ಇಂದು ಪಡೆದದ್ದನ್ನು ನಾಳೆ ಇನ್ನೊಬ್ಬರ ಪ್ರಶ್ನೆಯಲ್ಲಿ ತೀರಿಸಬೇಕಾಗುತ್ತದೆ. ರಾಜಧಾನಿಗಳ ಒಳರಾಜಕೀಯವನ್ನೂ ಅಳೆಯಿರಿ: 2013ರಲ್ಲಿ ಶ್ರೀಲಂಕಾ ತಮಿಳರ ವಿಷಯಕ್ಕೆ ತಮಿಳುನಾಡಿನ ಡಿಎಂಕೆ ಯುಪಿಎ ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಿತು, ಭಾರತ ಪರವಾಗಿ ಮತ ಹಾಕಿತು, 2014ರಲ್ಲಿ ಅಂತರರಾಷ್ಟ್ರೀಯ ತನಿಖೆ ಎಂಬ ಮಾತು ಬಂದೊಡನೆ ತಟಸ್ಥವಾಯಿತು.

ನಿಮ್ಮ ಮನೆಯನ್ನು ಮೊದಲು ನೋಡಿಕೊಳ್ಳಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ದೇಶವೂ ನಾಲ್ಕೂವರೆ ವರ್ಷಕ್ಕೊಮ್ಮೆ ಎದುರಿಸುವ ಸಾರ್ವತ್ರಿಕ ಪರಿಶೀಲನೆಯಲ್ಲಿ, ಭಾರತ 1997ರಲ್ಲೇ ಸಹಿ ಹಾಕಿದ ಚಿತ್ರಹಿಂಸೆ ತಡೆ ಒಪ್ಪಂದವನ್ನು ಏಕೆ ಸ್ಥಿರೀಕರಿಸಿಲ್ಲ ಎಂದು ಇತರ ದೇಶಗಳು ಮತ್ತೆ ಮತ್ತೆ ಕೇಳುತ್ತಿವೆ. ಇಂಥದ್ದಕ್ಕೆ ನಿಯೋಗದ ಬಳಿ ಪ್ರಾಮಾಣಿಕ ಉತ್ತರ ಇರಲಿ. ಜಾರಿಕೊಳ್ಳುವ ಉತ್ತರ ಎದುರಾಳಿಗೆ ಅಸ್ತ್ರ ಕೊಟ್ಟ ಹಾಗೆ.

ಸಾಕ್ಷಿಗಳ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಸಲ್ಲದು. ಜಿನೀವಾದಲ್ಲಿ ಒಂದೆರಡು ನಿಮಿಷ ಮಾತಾಡಿದ ತಾಯಿ ಊರಿಗೆ ಮರಳಿದ ಮೇಲೆ ಮನೆ ಬಾಗಿಲಲ್ಲಿ ಯಾರು ನಿಂತಿರುತ್ತಾರೆ ಎಂಬುದನ್ನು ಅವಳ ಹೆಸರು ಪಟ್ಟಿಗೆ ಬರೆಯುವ ಮೊದಲೇ ಯೋಚಿಸಿ, ಅವಳ ಒಪ್ಪಿಗೆಯನ್ನು ಕೇಳಿ ಪಡೆಯಬೇಕು. ಸಂದೇಹವಿದ್ದರೆ ಹೆಸರಿಲ್ಲದ ಲಿಖಿತ ಹೇಳಿಕೆ ಸಾಕು.

ನಿರ್ಣಯ ಗೆದ್ದ ಸಂಜೆ ಕೈಕುಲುಕಿ ಊರಿಗೆ ಹೊರಡುವವರೇ ಹೆಚ್ಚು. ಸಾಕ್ಷ್ಯ ಸಂಗ್ರಹಕ್ಕೆ ಸಿಬ್ಬಂದಿ ಬೇಕು, ಸಿಬ್ಬಂದಿಗೆ ಹಣ ಬೇಕು, ಆ ಹಣದ ತೀರ್ಮಾನ ಆಗುವುದು ಜಿನೀವಾದಲ್ಲಲ್ಲ, ನ್ಯೂಯಾರ್ಕ್‌ನಲ್ಲಿ ಸಾಮಾನ್ಯ ಸಭೆಯ ಐದನೆಯ ಸಮಿತಿಯಲ್ಲಿ. ಮಂಡಳಿಯಲ್ಲಿ ಸೋತವರು ಅಲ್ಲಿ ಹಣಕ್ಕೆ ಕತ್ತರಿ ಹಾಕಿಸಲು ಕಾದಿರುತ್ತಾರೆ. ಆದ್ದರಿಂದ ನಿಮ್ಮ ನ್ಯೂಯಾರ್ಕ್ ಸಹೋದ್ಯೋಗಿಗೆ ನಿರ್ಣಯದ ಪ್ರತಿಯನ್ನು ಅಂದೇ ರಾತ್ರಿ ಕಳಿಸಿ.