ಗೀಜಗದ ಕೆಲಸಕ್ಕೆ ನನ್ನ ಹೆಬ್ಬೆರಳು

ಹಕ್ಕಿಯ ತಲೆಯಂಥ ಹೂ ಬಿಡುವ ಸ್ಟ್ರೆಲಿಟ್ಜಿಯಾದಲ್ಲಿ (ಬರ್ಡ್ ಆಫ್ ಪ್ಯಾರಡೈಸ್ ಗಿಡ) ಬೀಜ ಕಟ್ಟಿಸುತ್ತೇನೆ ಎಂದಾಗ ಗಿಡ ಬೆಳೆಸುವ ಸ್ನೇಹಿತರು ನಕ್ಕಿದ್ದರು. ಬುಡ ಸೀಳಿ ನೆಟ್ಟರಾಯಿತಲ್ಲ, ಈ ಉಸಾಬರಿ ಯಾಕೆ ಎಂದು ಅವರ ವಾದ. ಹಳದಿ ಹೂವಿನ ತಳಿಯನ್ನು ದಕ್ಷಿಣ ಆಫ್ರಿಕಾದ ಕರ್ಸ್ಟನ್‌ಬಾಷ್ ಉದ್ಯಾನದವರು ಕೈಪರಾಗಸ್ಪರ್ಶದಿಂದಲೇ ಹೆಚ್ಚಿಸಿ, 1996ರಲ್ಲಿ ಅದಕ್ಕೆ ಮಂಡೇಲಾರ ಹೆಸರಿಟ್ಟರು ಎಂದರೂ ಯಾರೂ ಕಿವಿಗೊಡಲಿಲ್ಲ.

ಮೊದಲೆರಡು ವರ್ಷ ಸೂರಕ್ಕಿಗಳನ್ನು ನಂಬಿ ಕೆಟ್ಟೆ. ಅವು ಪಕ್ಕದಿಂದ ಕೊಕ್ಕು ತೂರಿಸಿ ಮಕರಂದ ಹೀರಿ ಹೋಗುತ್ತವೆ, ಪರಾಗ ಮುಟ್ಟುವುದೇ ಇಲ್ಲ. ತವರಿನಲ್ಲಿ ಈ ಕೆಲಸ ಕೇಪ್ ಗೀಜಗದ್ದು. ಅದು ಹೂವಿನ ನಡುವೆ ಬಾಣದಂತೆ ಚಾಚಿದ ನೀಲಿ ಎಸಳುಗಳ ಮೇಲೆ ಕಾಲೂರಿದರೆ ಭಾರಕ್ಕೆ ಆ ಬೆಸೆದ ಎಸಳುಗಳು ಬಾಯ್ಬಿಟ್ಟು, ಒಳಗಿನ ಪರಾಗ ಪಾದಕ್ಕೆ ಮೆತ್ತಿಕೊಳ್ಳುತ್ತದೆ. ಮುಂದಿನ ಹೂವಿನಲ್ಲಿ ಬಾಣದ ತುದಿಯಾಚೆ ಚಾಚಿದ ಅಂಟು ಶಲಾಕೆಗೆ (ಪರಾಗ ಹಿಡಿಯುವ ಹೆಣ್ಣು ಭಾಗಕ್ಕೆ) ಅದೇ ಪಾದ ತಗಲುತ್ತದೆ.

ಬೀಜ ಕೊಂಡೂ ನೋಡಿದೆ, ಎರಡು ಸಲ. ಹಳೆಯ ಸರಕು, ಇಪ್ಪತ್ತರಲ್ಲಿ ಮೊಳೆತದ್ದು ಒಂದು, ಅದೂ ಕೊಳೆಯಿತು. ಆ ಹಣಕ್ಕೆ ಹೂ ಬಿಡುವ ಗಿಡವನ್ನೇ ತರಬಹುದಿತ್ತು.

ಪರಾಗ ಸವರಲು ಹಿಡಿದ ಕುಂಚವೂ ಕೈಕೊಟ್ಟಿತು. ಈ ಪರಾಗ ಪುಡಿಯಲ್ಲ, ಎಳೆ ಎಳೆಯಾಗಿ ಅಂಟುವ ಬಿಳಿ ಹಿಟ್ಟು. ಕುಂಚದ ಕೂದಲಿಗೆ ಸಿಕ್ಕಿಕೊಂಡರೆ ಬಿಡುವುದಿಲ್ಲ. ಕೊನೆಗೆ ಬಾಣದ ಎರಡು ರೆಕ್ಕೆಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಸೀಳು ಬಿಚ್ಚಿತು, ಪರಾಗ ಬೆರಳಿಗೆ ಬಂತು, ಇನ್ನೊಂದು ಗಿಡದ ಶಲಾಕೆಗೆ ಸವರಿದೆ. ಅದೇ ಗಿಡದ ಪರಾಗಕ್ಕಿಂತ ಬೇರೆ ಗಿಡದ್ದು ನನಗೆ ಹೆಚ್ಚು ಕಾಯಿ ಕೊಟ್ಟಿದೆ.

ನಡುವೆ ಒಂದು ಹುಚ್ಚು ಪ್ರಯೋಗ: ಗೀಜಗದ ತೂಕವೆಂದು ಸುಮಾರು 40 ಗ್ರಾಂ ಮರಳಿನ ಪುಟ್ಟ ಚೀಲವನ್ನು ರೆಕ್ಕೆಗಳ ಮೇಲಿಟ್ಟೆ. ಬಾಣ ಸೊಗಸಾಗಿ ತೆರೆಯಿತು, ಹೂವಿನ ದಂಟು ಮಾತ್ರ ಓಲಾಡಿ ಚೀಲವನ್ನು ನನ್ನ ಕಾಲ ಮೇಲೆ ಕೆಡವಿತು. ಹಕ್ಕಿಗೆ ತೂಗಾಡುತ್ತಲೇ ನಿಲ್ಲಲು ಬರುತ್ತದೆ, ಮರಳಿಗೆ ಬರುವುದಿಲ್ಲ.

ಮೂವತ್ತು ಹೂಗಳಿಗೆ ಹನ್ನೊಂದು ಕಾಯಿ ನಿಂತವು ಎಂದು ನೆನಪು. ಬಲಿಯಲು ಆರು ತಿಂಗಳ ಹತ್ತಿರ ಹಿಡಿಯಿತು. ಮೂರನ್ನು ಅಳಿಲು ತಿಂದ ಮೇಲೆ ತಂತಿ ಬಲೆ ಕಟ್ಟಿದೆ. ಕರ್ಸ್ಟನ್‌ಬಾಷ್‌ನಲ್ಲೂ ಇದೇ ಕಥೆಯಂತೆ. ಉಳಿದ ಕಾಯಿಗಳು ಬಿರಿದಾಗ ಕರಿ ಬೀಜಗಳ ತಲೆ ಮೇಲೆ ಕಿತ್ತಳೆ ಜುಂಗು. ಜುಂಗು ಕಿತ್ತು, ಎರಡು ದಿನ ನೆನೆಸಿ ಬಿತ್ತಿದೆ. ತಾಜಾ ಬೀಜವಾದ್ದರಿಂದ ಅರ್ಧಕ್ಕೂ ಹೆಚ್ಚು ಮೊಳೆತಿವೆ.

ಮೊದಲು ನಕ್ಕವನೇ ಹತ್ತು ಸಸಿ ಕೇಳಿದ್ದಾನೆ. ಬೆಲೆ ಹೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.