ಐದನೇ ಸಲಕ್ಕೆ ಉಬ್ಬಿದ ತಾಮಿಯಾ

ಇಪ್ಪತ್ತು ವರ್ಷದಿಂದ ಅಂಬೊಡೆ ಕರಿಯುತ್ತಿರುವ ನನಗೆ ಈಜಿಪ್ಟಿನವರ ಕಾಳಿನ ವಡೆ ತಾಮಿಯಾ ಏನು ಮಹಾ ಅಂದುಕೊಂಡಿದ್ದೆ. ಕೈರೋಗೆ ಬಂದ ಮೊದಲ ಚಳಿಗಾಲದಲ್ಲೇ ಆ ಜಂಬ ಇಳಿಯಿತು. "ಕೆಳಗೇ ಅಂಗಡಿ ಇದೆಯಲ್ಲ ಮಗಳೇ, ಯಾಕೆ ಎಣ್ಣೆ ಹಾಳು ಮಾಡ್ತೀಯ?" ಅಂದರು ಪಕ್ಕದ ಮನೆಯ ಹಾಗ್ಗಾ. ಇಲ್ಲಿ ವಯಸ್ಸಾದ ಹೆಂಗಸರನ್ನು ಹಾಗೇ ಕರೆಯುವುದು.

ಮೊದಲ ಸಲ ಸಿಪ್ಪೆ ಇರುವ ಫೂಲ್, ಅಂದರೆ ಫಾವಾ ಬೀನ್ಸ್ ಕಾಳು ತಂದೆ. ರಾತ್ರಿ ನೆನೆಸಿ, ಬೆಳಗ್ಗೆ ಅವರೆಕಾಳಿನ ಹಾಗೆ ಹಿತುಕಲು ಕೂತೆ. ಅರ್ಧ ಕಿಲೋಗೆ ಒಂದೂವರೆ ಗಂಟೆ! ಸಾಲದ್ದಕ್ಕೆ ಕುಕ್ಕರಿನಲ್ಲಿ ಒಂದು ವಿಷಲ್ ಕೂಗಿಸಿದೆ. ಎಣ್ಣೆಗೆ ಬಿಟ್ಟಿದ್ದೇ ತಡ, ಪುಡಿಪುಡಿಯಾಗಿ ಕರಗಿ ಹೋಯಿತು. ಒಂದು ಲೀಟರ್ ಎಣ್ಣೆ ಚರಂಡಿಗೆ.

ಎರಡನೇ ಸಲ ಸಿಪ್ಪೆ ತೆಗೆದು ಒಡೆದ ಬೇಳೆ ಸಿಕ್ಕಿತು, ಇಲ್ಲಿ ಫೂಲ್ ಮದ್‌ಶೂಶ್ ಅನ್ನುತ್ತಾರೆ. ಮಿಕ್ಸಿ ತಿರುಗಲಿಲ್ಲ ಅಂತ ನೀರು ಹಾಕಿದೆ, ತೆಳ್ಳಗಾಯಿತು ಅಂತ ಕಡಲೆಹಿಟ್ಟು ಹಾಕಿದೆ. ಬೋಂಡ ಆಯಿತು. ಯಜಮಾನರು ಚಟ್ನಿ ಕೇಳಿದರು! ಮೂರನೇ ಸಲ ಸೋಡಾ ರಾತ್ರಿಯೇ ಕಲಸಿಟ್ಟೆ, ಬೆಳಗ್ಗೆ ಬಿಲ್ಲೆಗಳು ಉಬ್ಬಲೇ ಇಲ್ಲ. ನಾಲ್ಕನೆಯದು ಉಪ್ಪಿನ ತಪ್ಪು: ಮೊದಲೇ ಹಾಕಿದ್ದಕ್ಕೆ ಸೊಪ್ಪು, ಈರುಳ್ಳಿ ಎಲ್ಲ ನೀರು ಬಿಟ್ಟವು. ಇಷ್ಟರಲ್ಲಿ ಐನೂರು ಈಜಿಪ್ಟ್ ಪೌಂಡ್ ಹತ್ತಿರ ಹೋಗಿತ್ತು, ಜಾಸ್ತಿ ಎಣ್ಣೆಗೇ.

ಐದನೇ ಸಲ ಹೀಗೆ ಮಾಡಿದೆ. ಬೇಳೆ ಅರ್ಧ ಕಿಲೋ, ಸುಮಾರು ಹನ್ನೆರಡು ಗಂಟೆ ನೆನೆ, ನಡುವೆ ಎರಡು ಸಲ ನೀರು ಬದಲು. ಬೇಯಿಸುವ ಮಾತೇ ಇಲ್ಲ. ಬಸಿದು ಬಟ್ಟೆ ಮೇಲೆ ಹರವಿ ಪಸೆ ಆರಿಸಿದೆ. ಸಬ್ಬಸಿಗೆ, ಕೊತ್ತಂಬರಿ, ಪಾರ್ಸ್ಲಿ, ಕುರ್ರಾತ್ ಅನ್ನುವ ಇಲ್ಲಿನ ಈರುಳ್ಳಿ ಜಾತಿಯ ಸೊಪ್ಪು, ಎಲ್ಲ ತೊಳೆದು ಚೆನ್ನಾಗಿ ಒಣಗಿಸಿ ಹಾಕಬೇಕು. ಈರುಳ್ಳಿ ಹಿಂಡಿ ಹಾಕಿ. ಬೆಳ್ಳುಳ್ಳಿ, ಜೀರಿಗೆ, ಧನಿಯ ಕೈಯಳತೆ. ಮಿಕ್ಸಿಗೆ ಸ್ವಲ್ಪಸ್ವಲ್ಪವೇ ಹಾಕಿ, ಬಿಟ್ಟುಬಿಟ್ಟು ಓಡಿಸಿ. ಅಂಬೊಡೆಗಿಂತ ನುಣ್ಣಗೆ, ಉದ್ದಿನ ವಡೆಗಿಂತ ತರಿ. ಉಪ್ಪು, ಸೋಡಾ ಎರಡೂ ಎಣ್ಣೆ ಕಾದ ಮೇಲೆ, ಒಂದು ಬಾಣಲೆಗೆ ಆಗುವಷ್ಟಕ್ಕೆ ಮಾತ್ರ. ಮೇಲೆ ಎಳ್ಳು ಒತ್ತಬೇಕು. ಎಳ್ಳಿನ ಜೊತೆ ನಾನು ಇನ್ನೊಂದು ಸೇರಿಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಹೊರಗೆ ಕಂದು ಗರಿಗರಿ. ಮುರಿದರೆ ಒಳಗೆ ಎಳೆ ಹುಲ್ಲಿನ ಹಸಿರು, ಹಬೆಯಲ್ಲಿ ಸಬ್ಬಸಿಗೆ ಘಮ. ನಲವತ್ತು ಬಿಲ್ಲೆ ಆಯಿತು, ಎಣ್ಣೆಯೂ ಸೇರಿ ನೂರು ಪೌಂಡಿನೊಳಗೆ. ಹಾಗ್ಗಾ ನಾಲ್ಕು ತಿಂದರು, ಅಂಗಡಿ ಮಾತೆತ್ತಲಿಲ್ಲ.

ಅರ್ಧ ಕಾಬೂಲಿ ಕಡಲೆ ಬೆರೆಸಿಯೂ ನೋಡಿದೆ. ಗರಿಗರಿ ಜಾಸ್ತಿ, ಆದರೆ ಒಳಗಿನ ಮೆತ್ತನೆ ಹೋಯಿತು. "ಇದು ಶಾಮ್ ಕಡೆಯವರದ್ದು" ಅಂತ ಹಾಗ್ಗಾ ತಟ್ಟೆ ಸರಿಸಿದರು. ಶಾಮ್ ಅಂದರೆ ಸಿರಿಯಾ, ಲೆಬನಾನ್ ಕಡೆ. ಸಂಕ್ರಾಂತಿಗೆ ಬೆಂಗಳೂರಿಗೆ ಹೋದಾಗ ಹಿತಕಿದ ಬೇಳೆಯಲ್ಲಿ ಮಾಡಿದೆ. ಹಸಿ ಕಾಳಲ್ವಾ, ಪಸೆ ಜಾಸ್ತಿ, ಅರ್ಧಕ್ಕರ್ಧ ಒಡೆದವು. ಒಡೆಯದೆ ಉಳಿದವುಗಳ ಸೊಗಡು ಮಾತ್ರ ತಾಮಿಯಾದಲ್ಲೂ ಇಲ್ಲ. ಮುಂದಿನ ಸಲ ಆ ಬೇಳೆಯನ್ನು ಒಂದು ದಿನ ಬಿಸಿಲಿಗಿಟ್ಟು ನೋಡಬೇಕು.