ಟರ್ಬೊ ಎಂಜಿನ್‌ಗೆ ಕನೆಕ್ಟಿಂಗ್ ರಾಡ್ ಆರಿಸುವುದು ಹೇಗೆ?

ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಬೇಕು ಅಂತ ಎಂಜಿನ್ ಬಿಚ್ಚಿದವರು ಸಾಮಾನ್ಯವಾಗಿ ಮೊದಲು ನೋಡುವುದು ಕನೆಕ್ಟಿಂಗ್ ರಾಡ್ ಪೆಟ್ಟಿಗೆ ಮೇಲಿನ ಹಾರ್ಸ್‌ಪವರ್ ಅಂಕಿ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಈ ರಾಡ್ ಮೇಲೆ ಬೀಳುವ ಬಲ ಮುಖ್ಯವಾಗಿ ಎರಡು ಬಗೆಯದು. ಸಿಲಿಂಡರ್‌ನಲ್ಲಿ ಇಂಧನ ಉರಿದಾಗ ಮೇಲಿನಿಂದ ಬೀಳುವ ಒತ್ತು ಒಂದು. ಮೇಲಕ್ಕೆ ನುಗ್ಗಿದ ಪಿಸ್ಟನ್ನನ್ನು ತಡೆದು ಕೆಳಗೆ ತರುವಾಗಿನ ಎಳೆತ ಇನ್ನೊಂದು. ನಿಮ್ಮ ಎಂಜಿನ್‌ನಲ್ಲಿ ಯಾವುದು ಜಾಸ್ತಿ ಅಂತ ತಿಳಿದರೆ ಆಯ್ಕೆ ಸುಲಭ.

ಮೊದಲು ಲೆಕ್ಕ ಹಾಕಿ

ಟೊಯೊಟಾದ 2ಜೆಝಡ್ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಬೋರ್ (ಸಿಲಿಂಡರ್ ವ್ಯಾಸ) 86 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 86 ಮಿ.ಮೀ., ರಾಡ್ ಉದ್ದ 142 ಮಿ.ಮೀ. ಸಿಲಿಂಡರ್ ಒಳಗಿನ ಒತ್ತಡ 100 ಬಾರ್ ಮುಟ್ಟಿದರೆ ಪಿಸ್ಟನ್ ತಲೆ ಮೇಲೆ ಸುಮಾರು 5.9 ಟನ್ ಭಾರ ಬೀಳುತ್ತದೆ. ಇದು ರಾಡ್‌ನ ಕಾಂಡವನ್ನು ಬಗ್ಗಿಸಲು ನೋಡುತ್ತದೆ.

ಈಗ ಎಳೆತ. ಪಿಸ್ಟನ್, ಅದನ್ನು ರಾಡ್‌ಗೆ ಜೋಡಿಸುವ ಪಿನ್, ರಿಂಗ್, ರಾಡ್‌ನ ಮೇಲ್ಭಾಗ ಎಲ್ಲ ಸೇರಿ 600 ಗ್ರಾಂ ಅಂದುಕೊಳ್ಳಿ. 7000 ಆರ್‌ಪಿಎಂನಲ್ಲಿ ಎಳೆತ ಸುಮಾರು 1.8 ಟನ್. 8000ದಲ್ಲಿ 2.4 ಟನ್. ಆರ್‌ಪಿಎಂ ಏರಿದ್ದು ಶೇ 14, ಎಳೆತ ಏರಿದ್ದು ಶೇ 30. ವೇಗದ ವರ್ಗಕ್ಕೆ ತಕ್ಕಂತೆ ಅದು ಬೆಳೆಯುತ್ತದೆ. ಎಕ್ಸಾಸ್ಟ್ ಸ್ಟ್ರೋಕ್‌ನ ತುದಿಯಲ್ಲಿ ಪಿಸ್ಟನ್ನನ್ನು ಕೆಳಗೆ ಒತ್ತುವ ಅನಿಲ ಹೆಚ್ಚು ಉಳಿದಿರುವುದಿಲ್ಲ. ಹಾಗಾಗಿ ಎಳೆತವೆಲ್ಲ ರಾಡ್‌ನ ದೊಡ್ಡ ತುದಿಯನ್ನು ಕ್ರ್ಯಾಂಕ್ ಸುತ್ತ ಮುಚ್ಚುವ ಕ್ಯಾಪನ್ನು ಹಿಡಿದಿರುವ ಎರಡು ಬೋಲ್ಟ್‌ಗಳ ಮೇಲೆ ಬೀಳುತ್ತದೆ.

ಅಂದರೆ ಬೂಸ್ಟ್ ಕಾಂಡವನ್ನು ಪರೀಕ್ಷಿಸುತ್ತದೆ, ಆರ್‌ಪಿಎಂ ಬೋಲ್ಟನ್ನು ಪರೀಕ್ಷಿಸುತ್ತದೆ. 400 ಹಾರ್ಸ್‌ಪವರ್ 4000 ಆರ್‌ಪಿಎಂನಲ್ಲೇ ಬಂದರೆ ಟಾರ್ಕ್ ಸುಮಾರು 710 ನ್ಯೂಟನ್ ಮೀಟರ್. ಅದೇ 400, 8000ದಲ್ಲಿ ಬಂದರೆ ಅದರ ಅರ್ಧ. ಟಾರ್ಕ್ ಜಾಸ್ತಿ ಅಂದರೆ ಸಿಲಿಂಡರ್ ಒಳಗಿನ ಒತ್ತಡವೂ ಜಾಸ್ತಿ. ಬೇಗ ಸ್ಪೂಲ್ ಆಗುವ (ವೇಗ ಹಿಡಿಯುವ) ಚಿಕ್ಕ ಟರ್ಬೊ ಹಾಕಿ, ಕಡಿಮೆ ಆರ್‌ಪಿಎಂನಲ್ಲೇ ಪೂರ್ತಿ ಬೂಸ್ಟ್ ಕೊಟ್ಟರೆ ರಾಡ್ ಬಗ್ಗುವ ಅಪಾಯ ಜಾಸ್ತಿ. ಪೆಟ್ಟಿಗೆಯ ಅಂಕಿ ಈ ವ್ಯತ್ಯಾಸ ಹೇಳುವುದೇ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಾಕಿಂಗ್ (ಇಂಧನ ಹತೋಟಿ ತಪ್ಪಿ ಸಿಡಿಯುವುದು) ಆಗುತ್ತಿರುವ ಎಂಜಿನ್‌ಗೆ ಎಂಥ ರಾಡ್ ಹಾಕಿದರೂ ಉಳಿಗಾಲವಿಲ್ಲ. ಇಂಧನ ಮತ್ತು ಇಗ್ನಿಷನ್ ಟೈಮಿಂಗ್ ಸರಿಪಡಿಸಿಕೊಂಡೇ ಮುಂದೆ ಹೋಗಿ.

ಲೋಹ, ಆಕಾರ

ಈಗಿನ ಎಷ್ಟೋ ಕಾರುಗಳ ಮೂಲ ರಾಡ್ ಲೋಹದ ಪುಡಿಯಿಂದ ಫೋರ್ಜ್ ಮಾಡಿದ್ದು (ಬಲವಾಗಿ ಒತ್ತಿ ರೂಪಿಸಿದ್ದು). ಕಂಪನಿ ಕೊಟ್ಟ ಶಕ್ತಿಗೆ ಅದು ಸಾಕು. ಶಕ್ತಿ ತುಂಬಾ ಏರಿಸುವುದಾದರೆ 4340 ಎಂಬ ಮಿಶ್ರಲೋಹದ ಫೋರ್ಜ್ಡ್ ಸ್ಟೀಲ್ ಬಹುತೇಕರಿಗೆ ಸರಿಯಾದ ಆಯ್ಕೆ. 300ಎಂ ಅದಕ್ಕೆ ಸಿಲಿಕಾನ್, ವನೇಡಿಯಂ ಬೆರೆಸಿದ, ಇನ್ನೂ ಗಟ್ಟಿಯಾದ ತಮ್ಮ. ರೇಸ್‌ಗೆ ಓಡಿಸುವವರಿಗೆ ಅದು ಬೇಕಾಗಬಹುದು. ಅಲ್ಯೂಮಿನಿಯಂ ರಾಡ್ ಡ್ರ್ಯಾಗ್ ರೇಸಿನದ್ದು. ಬೇಗ ದಣಿಯುತ್ತದೆ, ದಿನಾ ಓಡಿಸುವ ಕಾರಿಗೆ ಬೇಡ.

ಕಾಂಡ ಅಡ್ಡ ಕತ್ತರಿಸಿದರೆ H ಆಕಾರ ಕಾಣುವ ಎಚ್ ಬೀಮ್ ಒಳ್ಳೆಯದಾ, I ಆಕಾರ ಕಾಣುವ ಐ ಬೀಮ್ ಒಳ್ಳೆಯದಾ ಎಂಬ ವಾದಕ್ಕೆ ಕೊನೆಯಿಲ್ಲ. ತುಂಬಾ ಬೂಸ್ಟ್ ಇದ್ದರೆ ದಪ್ಪ ಐ ಬೀಮ್ ಕಡೆ ನನ್ನ ಒಲವು. ಆದರೂ ಚೆನ್ನಾಗಿ ತಯಾರಾದ ಎಚ್ ಬೀಮ್, ಅಗ್ಗದ ಐ ಬೀಮ್‌ಗಿಂತ ಎಷ್ಟೋ ಮೇಲು.

ಬೋಲ್ಟ್ ಮೇಲೆ ಜಿಪುಣತನ ಬೇಡ

ಒಂದೇ ರಾಡ್ ಬೇರೆ ಬೇರೆ ಬೋಲ್ಟ್ ಜೊತೆ ಮಾರಾಟಕ್ಕಿರುತ್ತದೆ. ಹಣ ಉಳಿಸಲೇಬೇಕಾದರೆ ಬೇರೆಲ್ಲಾದರೂ ಉಳಿಸಿ. ಎಆರ್‌ಪಿ ಕಂಪನಿಯ 8740 ಬೋಲ್ಟ್‌ನ ಕರ್ಷಣ ಬಲ (ಎಳೆತ ತಾಳುವ ಶಕ್ತಿ) ಸುಮಾರು 2 ಲಕ್ಷ ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಎಆರ್‌ಪಿ 2000 ಬೋಲ್ಟ್‌ನದು ಸುಮಾರು 2.2 ಲಕ್ಷ. ರಸ್ತೆಯ ಟರ್ಬೊ ಕಾರಿಗೆ ಎರಡನೆಯದನ್ನೇ ಹಾಕಿ. ಅದೇ ಕಂಪನಿಯ ಎಲ್19 ಇನ್ನೂ ಬಲಶಾಲಿ, 2.6 ಲಕ್ಷ. ಆದರೆ ತೇವ ತಾಗಿದರೆ ಒಳಗೇ ಬಿರುಕು ಬಿಡುವ ಗುಣ ಅದಕ್ಕಿದೆ. ಬೆವರಿನ ಕೈಯಲ್ಲಿ ಮುಟ್ಟುವುದೂ ತಪ್ಪು.

ಬೋಲ್ಟ್ ಬಿಗಿಯುವುದೆಂದರೆ ಅದನ್ನು ಒಂದಿಷ್ಟು ಹಿಗ್ಗಿಸುವುದು. ಆ ಹಿಗ್ಗಿನಿಂದ ಬರುವ ಹಿಡಿತ ಎಳೆತಕ್ಕಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ಪ್ರತಿ ಸುತ್ತಿನಲ್ಲೂ ಕ್ಯಾಪ್ ಚೂರು ಬಾಯಿ ಬಿಟ್ಟು ಮುಚ್ಚುತ್ತದೆ, ಬೋಲ್ಟ್ ದಣಿದು ಮುರಿಯುತ್ತದೆ. ಟಾರ್ಕ್ ರೆಂಚ್ ಅಳೆಯುವುದರಲ್ಲಿ ಬಹುಪಾಲು ಘರ್ಷಣೆಯೇ. ಹಾಗಾಗಿ ಸ್ಟ್ರೆಚ್ ಗೇಜ್ ಹಿಡಿದು, ತಯಾರಕರು ಹೇಳಿದಷ್ಟು ಹಿಗ್ಗಿದೆಯಾ ಅಂತ ನೋಡಿ ಬಿಗಿಯಿರಿ. ಅವರು ಹೇಳಿದ ಲೂಬ್ರಿಕೆಂಟನ್ನೇ ಹಚ್ಚಿ.

ಹಳೆಯ ರಾಡ್ ಇಟ್ಟುಕೊಂಡು ಬೋಲ್ಟ್ ಮಾತ್ರ ಬದಲಿಸುವ ಯೋಚನೆಯಿದ್ದರೆ, ದೊಡ್ಡ ತುದಿಯ ರಂಧ್ರವನ್ನು ಮತ್ತೆ ಅಳೆಸಿ. ಹೊಸ ಬೋಲ್ಟ್‌ನ ಹಿಡಿತಕ್ಕೆ ಅದರ ಆಕಾರ ಕೆಡಬಹುದು.

ಆರ್ಡರ್‌ಗೆ ಮುಂಚೆ ಅಳತೆ

ರಾಡ್ ಉದ್ದ, ಪಿನ್ ವ್ಯಾಸ, ದೊಡ್ಡ ತುದಿಯ ರಂಧ್ರ, ಅದರ ಅಗಲ ಈ ನಾಲ್ಕನ್ನೂ ಬರೆದುಕೊಳ್ಳಿ. ಒಂದೇ ಎಂಜಿನ್‌ನ ಬೇರೆ ಬೇರೆ ಮಾದರಿಗಳಲ್ಲೂ ಪಿನ್ ಬೇರೆಯಿರಬಹುದು. ಪಿಸ್ಟನ್ ಮತ್ತು ರಾಡ್ ಒಟ್ಟಿಗೇ ಆರಿಸಿ. ಉದ್ದದ ರಾಡ್ ಹಾಕುವ ಆಸೆ ಬಿಡಿ. ಅದಕ್ಕೆ ಪಿಸ್ಟನ್ ಗಿಡ್ಡವಾಗಬೇಕು, ರಿಂಗ್‌ಗಳ ನಡುವಿನ ಲೋಹ ತೆಳುವಾಗುತ್ತದೆ. ಟರ್ಬೊ ಶಾಖಕ್ಕೆ ಅಲ್ಲಿ ಲೋಹ ದಪ್ಪಗಿರಬೇಕು.

ಸೆಟ್ ಕೈಗೆ ಬಂದ ಮೇಲೆ ತೂಕ ನೋಡಿ. ಒಂದೆರಡು ಗ್ರಾಂ ವ್ಯತ್ಯಾಸದೊಳಗೆ ಇರಬೇಕು. ದೊಡ್ಡ ತುದಿ, ಚಿಕ್ಕ ತುದಿ ಬೇರೆ ಬೇರೆಯಾಗಿ ತೂಗಿ. ಬೇರಿಂಗ್ ಹಾಕಿ, ಬೋಲ್ಟ್ ಪೂರ್ತಿ ಬಿಗಿದು, ಬೋರ್ ಗೇಜ್‌ನಿಂದ ಅಳೆಯಿರಿ. ಆಯಿಲ್‌ಗೆ ಬಿಡುವ ಸಂದು ಜರ್ನಲ್ (ರಾಡ್ ಕೂರುವ ಕ್ರ್ಯಾಂಕ್‌ನ ದುಂಡು ಭಾಗ) ವ್ಯಾಸದ ಸಾವಿರದಲ್ಲೊಂದು ಪಾಲು ಇರಲಿ: 50 ಮಿ.ಮೀ. ಜರ್ನಲ್‌ಗೆ 0.05 ಮಿ.ಮೀ., ಬೇಕಿದ್ದರೆ ಒಂದು ಕೂದಲೆಳೆ ಜಾಸ್ತಿ.

ಜೋಡಿಸುವಾಗ ಚಾಂಫರ್ (ಓರೆಯಾಗಿ ಕತ್ತರಿಸಿದ ಅಂಚು) ಇರುವ ಬದಿ ಕ್ರ್ಯಾಂಕ್‌ನ ಕೆನ್ನೆಯ, ಅಂದರೆ ಜರ್ನಲ್ ಪಕ್ಕದ ಗೋಡೆಯ, ಕಡೆಗಿರಲಿ. ಕ್ಯಾಪ್‌ಗಳು ಅದಲುಬದಲಾಗದಂತೆ ನಂಬರ್ ನೋಡಿ. ಆಮೇಲೆ ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಹೊಸ ರಾಡ್‌ನ ಭುಜ ಬ್ಲಾಕ್‌ಗಾಗಲಿ ಆಯಿಲ್ ಚಿಮ್ಮಿಸುವ ಜೆಟ್‌ಗಾಗಲಿ ಹತ್ತಿರ ಬಂದರೆ, ಕನಿಷ್ಠ 1.5 ಮಿ.ಮೀ. ಜಾಗ ಮಾಡಿಕೊಳ್ಳಿ.

ಬಿಗಿಯುವ ಮುಂಚೆ ಪ್ರತಿ ಬೋಲ್ಟ್‌ನ ಉದ್ದ ಅಳೆದು, ಸಿಲಿಂಡರ್ ನಂಬರ್ ಸಮೇತ ಬರೆದಿಡಿ. ಮುಂದೆಂದಾದರೂ ಎಂಜಿನ್ ಬಿಚ್ಚಿದಾಗ ಯಾವುದಾದರೂ ಬೋಲ್ಟ್ 0.025 ಮಿ.ಮೀ. ಉದ್ದವಾಗಿದ್ದರೆ, ನೋಡಲು ಎಷ್ಟೇ ಚೆನ್ನಾಗಿದ್ದರೂ ಅದನ್ನು ಮತ್ತೆ ಹಾಕಬೇಡಿ.